ಪ್ರೀಮಿಯಂ

ವಿಮೆಯ ಒಡಂಬಡಿಕೆಯಲ್ಲಿ, ಮುಂದೊದಗಬಹುದಾದ ನಷ್ಟದ ಭಾರವನ್ನು ವಹಿಸಿಕೊಳ್ಳುವ ಸಂಸ್ಥೆಗೆ ವಿಮೆದಾರನು ಒಮ್ಮೆಗೇ ಆಗಲಿ, ನಿಯತಕಾಲಗಳಲ್ಲಿ ಕಂತುಗಳಾಗಿ ಆಗಲಿ ಸಲ್ಲಿಸುವ ಹಣ. ಪಾರಿತೋಷಕವೆಂಬ ಅರ್ಥವುಳ್ಳ ಲ್ಯಾಟಿನ್ ಶಬ್ದವೊಂದು ಇದರ ಮೂಲ.

ಜೀವವಿಮೆಯಲ್ಲಿ ಇದರ ಪ್ರಮಾಣವು ವಿಮೆದಾರನ ವಯಸ್ಸು, ಆರೋಗ್ಯ, ವಿಮೆಯ ಮೊತ್ತ ಹಾಗೂ ಅವಧಿಗಳನ್ನು ಅವಲಂಬಿಸಿರುತ್ತದೆ; ಮರಣಪಟ್ಟಿಯ ಆಧಾರದಿಂದ ವಯೋಮಾನಾನುಸಾರವಾಗಿ ಇದನ್ನು ಗಣಿಸುವ ಶಾಸ್ತ್ರೀಯ ಪದ್ಧತಿಯು ಲಂಡನ್ನಿನಲ್ಲಿ 1762ರಲ್ಲಿ ಸ್ಥಾಪಿತವಾದ ಈಕ್ವಿಟಬಲ್ ಸೊಸೈಟಿಯಿಂದ ರೂಢಿಗೆ ಬಂದಿತು. ಭಾರತದಲ್ಲಿ ವ್ಯವಹರಿಸುತ್ತಿದ್ದ ವಿದೇಶೀಯ ಕಂಪನಿಗಳು ಭಾರತೀಯರ ಜೀವಗಳಿಗೆ ಅಪಾಯವು ಹೆಚ್ಚೆಂದೆಣಿಸಿ ಅಧಿಕ ಪ್ರೀಮಿಯಂ ವಿಧಿಸುತ್ತಿದ್ದುವೆಂಬುದು ಮರೆಯಲಾಗದ ಸಂಗತಿ. 1870ರಲ್ಲಿ ಉದಯಿಸಿದ ಬಾಂಬೆ ಮ್ಯೂಚುಯಲ್ ಸಂಸ್ಥೆಯು ಸಾಮಾನ್ಯ ದರದಲ್ಲಿಯೇ ಅವರಿಗೆ ವಿಮೆಯನ್ನೊದಗಿಸಿ ಈ ಅನ್ಯಾಯವನ್ನು ತೊಡೆಯತೊಡಗಿದುದು ಶ್ಲಾಘ್ಯವಾದ ಕಾರ್ಯ. ಮೈಸೂರು ಸಂಸ್ಥಾನವು 1891ರಲ್ಲಿ ತನ್ನ ನೌಕರರಿಗಾಗಿ ವಿಮಾಯೋಜನೆಯನ್ನು ಆರಂಭಿಸಿತು. ಇಂದಿಗೂ ಕರ್ನಾಟಕದ ಸರ್ಕಾರಿ ನೌಕರರ ಪ್ರೀಮಿಯಂ ಹಣವು ಸಂಬಳದಿಂದಲೇ ಕಡಿತವಾಗುತ್ತದೆ. ಇತರ ಪಾಲಿಸಿಗಳಲ್ಲಿ ಕಂತು ಸಲ್ಲಿಸುವ ಗಡುವು ಮೀರಿದ ಬಳಿಕವೂ ಕೆಲವು ದಿನಗಳ ರಿಯಾಯಿತಿಯುಂಟು. ಅದೂ ತೀರಿದರೆ ಪಾಲಿಸಿಯು ಸಾಮಾನ್ಯವಾಗಿ ರದ್ದಾಗುವುದು.

ವಿಮೆಯ ಹೊರಗೆ, ಮುಖಬೆಲೆಗಿಂತ ಮಿಗಿಲಾಗಿ ತೆರುವ ಮೊತ್ತಕ್ಕೂ ಇದೇ ಹೆಸರು: 10 ರೂಪಾಯಿಯ ಷೇರು 15 ರೂಪಾಯಿಗೆ ವಿತರಣೆಯಾದಲ್ಲಿ, ಹೆಚ್ಚಿನ 5 ರೂಪಾಯಿ ಪ್ರೀಮಿಯಂ ಎನಿಸಿ, ಕಂಪನಿ ಕಾನೂನಿನಂತೆ ಪ್ರತ್ಯೇಕ ಖಾತೆಗೆ ಸಲ್ಲುತ್ತದೆ. ಲಾಕ್ಷಣಿಕವಾಗಿ, ದುರ್ಲಭವೂ ಬಹುಬೇಡಿಕೆಯುಳ್ಳದ್ದೂ ಆದುದನ್ನು, ಕಡೆಗೆ ಉತ್ಕೃಷ್ಟವೆಂದು ಮಾರಲ್ಪಡುವ ಯಾವುದೇ ಸರಕನ್ನು ಇದು ವಿಶೇಷಿಸುತ್ತದೆ. ಆದರೆ ರೈಲ್ವೆಯ ‘ಪ್ರೀಮಿಯಂ ತತ್ಕಾಲ್’ ಟಿಕೆಟಿನಲ್ಲಿ ಏರುವುದು ದರವೇ ಹೊರತು ಆಸನದ ಗುಣವಲ್ಲ. ಅಲ್ಲಿ ಹಳೆಯ ವಾಣಿಜ್ಯಾರ್ಥವೇ ಉಳಿದಿದೆ.