1947ರ ಆರು ಪುಟಗಳು: ಪಾರ್ಶ್ವವಾಯು ಪೀಡಿತ ಮಿದುಳಿನ ನಿಗಾ ಮತ್ತು ಕಡೆಗಣಿಸಿದ ಒಂದು ಸಾಕ್ಷ್ಯ

ತೀವ್ರ ನಿಗಾ ಘಟಕದಲ್ಲಿ ಪಾರ್ಶ್ವವಾಯು ಪೀಡಿತರ ಮಿದುಳಿನ ಮೇಲೆ ಕಣ್ಣಿಡುವ ವಿಧಾನಗಳ ಚರಿತ್ರೆ ಬರೆಯುವವರಲ್ಲಿ ಒಂದು ವಾಡಿಕೆ ಬೇರೂರಿದೆ. ಬ್ರೆಜಿಲಿನ ಅರಿಸ್ಟಿಡಿಸ್ ಲೆಯಾಂವ್ ಅವರನ್ನು ಮೈಗ್ರೇನಿನ ಅಧ್ಯಾಯಕ್ಕೆ ಸೇರಿಸಿ, ಪಾರ್ಶ್ವವಾಯುವಿನ ಅಧ್ಯಾಯವನ್ನು 2002ರಿಂದ ಶುರುಮಾಡುವುದು ಆ ವಾಡಿಕೆ. ಮೈಗ್ರೇನಿನ ನಂಟನ್ನು ನಾನು ಅಲ್ಲಗಳೆಯುವುದಿಲ್ಲ. 1945ರಲ್ಲಿ ರಾಬರ್ಟ್ ಮಾರಿಸನ್ ಜೊತೆ ಬರೆದ ಲೇಖನದಲ್ಲಿ ಲೆಯಾಂವ್ ಅವರೇ ಅದನ್ನು ಸೂಚಿಸಿದ್ದರು. ನನ್ನ ತಕರಾರು ಇರುವುದು ಅದರ ನಂತರದ ಮೌನದ ಬಗ್ಗೆ. 1944ರ ಮೊದಲ ಪ್ರಬಂಧವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. 1947ರಲ್ಲಿ ಅದೇ ಜರ್ನಲ್ ಆಫ್ ನ್ಯೂರೋಫಿಸಿಯಾಲಜಿಯಲ್ಲಿ ಬಂದ ಆರು ಪುಟಗಳ ಲೇಖನವನ್ನು ಓದಿದವರು ಕಡಿಮೆ. ಉಲ್ಲೇಖಿಸಿದವರಲ್ಲೂ ಹಲವರು ಅದರ ಅರ್ಧವನ್ನಷ್ಟೇ ಓದಿದಂತೆ ಕಾಣುತ್ತದೆ.

ಆ ಲೇಖನದಲ್ಲಿ ಇರುವುದೇನು? ಮೊಲದ ಮಿದುಳಿನ ಕಾರ್ಟೆಕ್ಸಿನ ಮೇಲೆ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಸಾಗುವ ‘ಹಬ್ಬುವ ಸ್ತಬ್ಧತೆ’ಯ (ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಅಡಗಿಸುತ್ತಾ ಹರಡುವ ಅಲೆಯ) ಜೊತೆಗೇ ಒಂದು ನಿಧಾನವಾದ, ಭಾರಿ ಗಾತ್ರದ ಋಣ ವೋಲ್ಟೇಜ್ ಬದಲಾವಣೆಯೂ ಸಾಗುತ್ತದೆ ಎಂದು ಲೆಯಾಂವ್ ಅಲ್ಲಿ ತೋರಿಸಿದರು. ಇದು ಮೊದಲರ್ಧ. ಎರಡನೆಯ ಅರ್ಧದಲ್ಲಿ ಅವರು ಮಿದುಳಿಗೆ ಹೋಗುವ ರಕ್ತವನ್ನೇ ತಡೆದರು. ಕೆಲವು ನಿಮಿಷಗಳಾದ ಮೇಲೆ ಅದೇ ಬಗೆಯ ಋಣ ಬದಲಾವಣೆ ಕಾಣಿಸಿಕೊಂಡಿತು. ಒಂದು ಕಡೆ ಸಣ್ಣದೊಂದು ಪ್ರಚೋದನೆಗೆ ಎದ್ದು, ತಾನಾಗಿಯೇ ಅಡಗಿ, ಮೊಲಕ್ಕೆ ಹಾನಿ ಮಾಡದೆ ಹೋಗುವ ಅಲೆ. ಇನ್ನೊಂದು ಕಡೆ ರಕ್ತ ನಿಂತ ಮಿದುಳು ಸಾಯತೊಡಗಿದಾಗಿನ ಅಲೆ. ಎರಡೂ ಒಂದೇ ಜಾತಿಯವು ಎಂಬ ಹೋಲಿಕೆಯನ್ನು ಎದುರಿಗಿಟ್ಟವರು ಲೆಯಾಂವ್. ರಕ್ತ ಸಾಲದೆ ಕೆಡುವ ಮಿದುಳು ಪಾರ್ಶ್ವವಾಯುವಿನ ತಿರುಳೇ ಆಗಿರುವಾಗ, ಈ ಆರು ಪುಟಗಳನ್ನು ಮೈಗ್ರೇನಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದು ನನಗೆ ಇಂದಿಗೂ ಒಪ್ಪಿತವಾಗಿಲ್ಲ.

ಬೀಗ ಹಾಕಿದವರಲ್ಲಿ ವೇಡ್ ಮಾರ್ಷಲ್ ಮುಖ್ಯರು. 1951ರಲ್ಲಿ ಎಸಿಗ್ ಜೊತೆ ಬರೆದ ಲೇಖನದಲ್ಲಿ, ಮತ್ತೆ 1959ರ ದೀರ್ಘ ಸಮೀಕ್ಷೆಯಲ್ಲಿ, ತೆರೆದಿಟ್ಟ ಕಾರ್ಟೆಕ್ಸ್ ಗಾಳಿಗೆ ಒಡ್ಡಿಕೊಂಡು ಒಣಗುವುದಕ್ಕೂ ಈ ವಿದ್ಯಮಾನಕ್ಕೂ ಇರುವ ಸಂಬಂಧವನ್ನು ಅವರು ಒತ್ತಿ ಹೇಳಿದರು. ಅವರ ಪ್ರಯೋಗಗಳು ಎಚ್ಚರಿಕೆಯಿಂದ ಮಾಡಿದವು. ಸಮೀಕ್ಷೆಯ ಹರಹು ಇಂದಿಗೂ ಬೆರಗು ಹುಟ್ಟಿಸುತ್ತದೆ. ಆದರೆ ಅದರಿಂದ ಓದುಗರು ಎಳೆದ ತೀರ್ಮಾನ ತಲೆಕೆಳಗಾದದ್ದು. ಕೆಟ್ಟ ಸ್ಥಿತಿಯ ಕಾರ್ಟೆಕ್ಸಿನಲ್ಲಿ ಮಾತ್ರ ಇದು ಸುಲಭವಾಗಿ ಏಳುತ್ತದೆ, ಆದ್ದರಿಂದ ಇದು ಪ್ರಯೋಗಶಾಲೆಯ ಕೃತಕ ಸೃಷ್ಟಿ ಎಂದರು. ತೀವ್ರ ನಿಗಾ ಘಟಕದ ಹಾಸಿಗೆಯಲ್ಲಿರುವುದು ಕೆಟ್ಟ ಸ್ಥಿತಿಯ ಕಾರ್ಟೆಕ್ಸಲ್ಲದೆ ಮತ್ತೇನು? ಮಾರ್ಷಲ್ ಪಟ್ಟಿಮಾಡಿದ ಆಕ್ಷೇಪಗಳನ್ನೇ ಹಾಸಿಗೆಯ ಪಕ್ಕ ನಿಂತು ಓದಿದ್ದರೆ, ಎಲ್ಲಿ ಹುಡುಕಬೇಕೆಂಬ ಸೂಚನೆ ಅವುಗಳಲ್ಲೇ ಸಿಗುತ್ತಿತ್ತು.

1994ರ ಲೇಖನಕ್ಕೂ ಇದೇ ಮಾತು ಸಲ್ಲುತ್ತದೆ. ಕೆನಡಾದ ಮ್ಯಾಕ್‌ಲಾಕ್ಲನ್ ಮತ್ತು ಗಿರ್ವಿನ್ ಅವರು ದಂಶಕಗಳಲ್ಲಿ ಹಬ್ಬುವ ಸ್ತಬ್ಧತೆಯನ್ನು ಎಬ್ಬಿಸಬಲ್ಲವರಾಗಿದ್ದರು. ಅಪಸ್ಮಾರಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತಿದ್ದವರ ಕಾರ್ಟೆಕ್ಸಿನಲ್ಲಿ ಅದು ಏಳಲಿಲ್ಲ. ಮನುಷ್ಯರಲ್ಲಿ ಇದು ಇಲ್ಲ ಎನ್ನುವವರಿಗೆ ಈ ಲೇಖನ ಹಲವು ವರ್ಷ ಗುರಾಣಿಯಾಯಿತು. ರಕ್ತಸಂಚಾರ ಸರಿಯಿರುವ ಕಾರ್ಟೆಕ್ಸಿನಲ್ಲಿ, ಶಸ್ತ್ರಚಿಕಿತ್ಸೆಯ ನಡುವೆ ಸಿಕ್ಕ ಅಲ್ಪ ಕಾಲದಲ್ಲಿ ಕಾಣದಿದ್ದದ್ದು, ರಕ್ತ ಕಡಿಮೆಯಾದ ಕಾರ್ಟೆಕ್ಸಿನಲ್ಲಿ ದಿನಗಟ್ಟಲೆ ನೋಡಿದರೂ ಕಾಣದು ಎಂದು ಹೇಗೆ ಹೇಳುವುದು? (ಲೇಖಕರ ಪ್ರಾಮಾಣಿಕತೆಯನ್ನು ನಾನು ಶಂಕಿಸುತ್ತಿಲ್ಲ, ಅವರ ಫಲಿತಾಂಶಕ್ಕೆ ಮೀರಿದ ಭಾರ ಹೊರಿಸಿದವರು ಬೇರೆಯವರು.) ಎರಡೇ ವರ್ಷದಲ್ಲಿ, 1996ರಲ್ಲಿ, ಮೇಯೆವ್ಸ್ಕಿ ಮತ್ತು ಸಂಗಡಿಗರು ತಲೆಗೆ ಪೆಟ್ಟಾದ ಒಬ್ಬ ರೋಗಿಯ ಕಾರ್ಟೆಕ್ಸಿನಲ್ಲಿ ಇಂತಹ ಅಲೆಗಳನ್ನು ದಾಖಲಿಸಿದರು. ಒಬ್ಬನೇ ರೋಗಿ ಎಂದು ಅದನ್ನು ಬದಿಗಿಟ್ಟವರೇ ಹೆಚ್ಚು.

ಇಷ್ಟಕ್ಕೂ ದೊಡ್ಡ ಅಡ್ಡಿ ಇದ್ದದ್ದು ಯಂತ್ರದಲ್ಲಿ. ಆಸ್ಪತ್ರೆಯ ಇಇಜಿ ಆಂಪ್ಲಿಫೈಯರ್‌ಗಳು ಬೆವರು, ಎಲೆಕ್ಟ್ರೋಡ್‌ಗಳ ಜಾರುವಿಕೆ ಮುಂತಾದವುಗಳಿಂದ ಬರುವ ನಿಧಾನ ಏರಿಳಿತವನ್ನು ಕಳೆಯಲೆಂದೇ ಸೆಕೆಂಡಿಗೆ ಸುಮಾರು ಅರ್ಧ ಆವರ್ತಕ್ಕಿಂತ ನಿಧಾನವಾದದ್ದನ್ನು ಸೋಸಿ ಹಾಕುತ್ತವೆ. ಲೆಯಾಂವ್ ಕಂಡ ವೋಲ್ಟೇಜ್ ಬದಲಾವಣೆ ನಿಮಿಷಗಳಷ್ಟು ನಿಧಾನದ್ದು. ಹುಡುಕಬೇಕಾದದ್ದನ್ನೇ ಫಿಲ್ಟರ್ ಕಸವೆಂದು ಆಚೆ ಹಾಕುತ್ತಿತ್ತು. ನೆತ್ತಿಯ ಮೇಲಿನ ಎಲೆಕ್ಟ್ರೋಡ್ ಹಲವು ಸೆಂಟಿಮೀಟರ್ ಅಗಲದ ಕಾರ್ಟೆಕ್ಸಿನ ಚಟುವಟಿಕೆಯನ್ನು ಒಟ್ಟುಗೂಡಿಸಿ ತೋರಿಸುವುದರಿಂದ, ಅದರೊಳಗೆ ಮೆಲ್ಲಗೆ ಸಾಗುವ ಸ್ತಬ್ಧತೆಯ ಪಟ್ಟಿ ಮುಚ್ಚಿಹೋಗುತ್ತಿತ್ತು.

2002ರಲ್ಲಿ ಲಂಡನ್ನಿನ ಆಂಟನಿ ಸ್ಟ್ರಾಂಗ್, ಡೆನ್ಮಾರ್ಕಿನ ಮಾರ್ಟಿನ್ ಫ್ಯಾಬ್ರಿಷಿಯಸ್ ಮೊದಲಾದವರು ಮಾಡಿದ್ದು ಸರಳ. ಪೆಟ್ಟು ಅಥವಾ ರಕ್ತಸ್ರಾವಕ್ಕಾಗಿ ತಲೆಬುರುಡೆ ತೆರೆದ ರೋಗಿಗಳಲ್ಲಿ ಕಾರ್ಟೆಕ್ಸಿನ ಮೇಲೆಯೇ ಎಲೆಕ್ಟ್ರೋಡ್ ಪಟ್ಟಿಯನ್ನು ಬಿಟ್ಟು, ನಿಗಾ ಘಟಕದಲ್ಲಿ ದಾಖಲಿಸುತ್ತಾ ಹೋದರು. ಪಟ್ಟಿಯಲ್ಲಿ ಎಲೆಕ್ಟ್ರೋಡ್‌ಗಳ ನಡುವಿನ ಅಂತರ 1 ಸೆಂಟಿಮೀಟರ್. ಒಂದರ ಕೆಳಗೆ ಗೆರೆ ಚಪ್ಪಟೆಯಾಗುತ್ತದೆ, ಮೂರು ನಾಲ್ಕು ನಿಮಿಷದ ಮೇಲೆ ಪಕ್ಕದ್ದು, ಆಮೇಲೆ ಅದರಾಚೆಯದು. ಮೊಲದ ಮೇಲೆ ಕಂಡ ಅದೇ ನಡಿಗೆ, ಅದೇ ವೇಗ. 2006ರಲ್ಲಿ ಬರ್ಲಿನ್ನಿನ ಯೆನ್ಸ್ ಡ್ರೈಯರ್ ನೇತೃತ್ವದ ಗುಂಪು ಸಬ್‌ಅರಾಕ್ನಾಯ್ಡ್ ರಕ್ತಸ್ರಾವದವರಲ್ಲಿ ಇಂತಹ ಅಲೆಗಳು ಗುಂಪುಗುಂಪಾಗಿ ಬರುವುದಕ್ಕೂ ಕೆಲವು ದಿನಗಳ ನಂತರ ತಲೆದೋರುವ ಹೊಸ ನರಸಂಬಂಧಿ ಊನಗಳಿಗೂ ನಂಟು ಕಂಡಿತು. 2008ರಲ್ಲಿ ಡೋಮೆನ್ ಮತ್ತು ಸಂಗಡಿಗರು ಮಧ್ಯ ಮಿದುಳು ಧಮನಿ ಕಟ್ಟಿ ಮಿದುಳು ಅಪಾಯಕರವಾಗಿ ಊದಿಕೊಂಡ 16 ರೋಗಿಗಳನ್ನು ಪರೀಕ್ಷಿಸಿದರು; ಹೆಚ್ಚಿನವರಲ್ಲಿ ಅಲೆಗಳು ತಾವಾಗಿಯೇ ಏಳುತ್ತಿದ್ದವು. ರಕ್ತ ಸರಿಯಾಗಿ ಹರಿಯುವ ಕಡೆ ಅಲೆ ದಾಟಿದ ಮೇಲೆ ಕೋಶಗಳು ಚೇತರಿಸಿಕೊಳ್ಳುತ್ತವೆ; ಹರಿವು ಸಾಲದ ಕಡೆ ಅವು ಅದರ ಖರ್ಚು ಭರಿಸಲಾರವು.

ಫಿಲ್ಟರ್ ಕಳೆದುಹಾಕಿದ್ದನ್ನು ಲೆಕ್ಕದಿಂದ ಮರಳಿ ಕಟ್ಟಬಹುದೆಂದು ಹಾರ್ಟಿಂಗ್ಸ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಅದು ಪ್ರಕಟವಾದದ್ದೂ ಲೆಯಾಂವ್ ಬರೆದ ಜರ್ನಲ್ಲಿನಲ್ಲೇ. 2018ರಲ್ಲಿ ಬರ್ಲಿನ್ ಮತ್ತು ಸಿನ್‌ಸಿನಾಟಿಯ ಗುಂಪುಗಳು, ಚೇತರಿಕೆಯ ಆಸೆಯಿಲ್ಲದ ಒಂಬತ್ತು ರೋಗಿಗಳಲ್ಲಿ ರಕ್ತಸಂಚಾರ ನಿಂತಾಗಿನ ಕೊನೆಯ ನಿಮಿಷಗಳನ್ನು ದಾಖಲಿಸಿದವು. ಮೊದಲು ವಿದ್ಯುತ್ ಮೌನ, ಆಮೇಲೆ ಕೊನೆಯ ಅಲೆ. 1947ರ ಲೇಖನದ ಎರಡನೆಯ ಅರ್ಧಕ್ಕೆ ಮಾನವ ಮಿದುಳಿನಿಂದ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಉಳಿದಿರುವುದು ಬುರುಡೆ ತೆರೆಯದ ಬಹುಸಂಖ್ಯಾತ ರೋಗಿಗಳ ಪ್ರಶ್ನೆ. ನೆತ್ತಿಯ ಇಇಜಿಯಲ್ಲಿ ಈ ಅಲೆಗಳ ಗುರುತು ಸಿಗುತ್ತದೆ ಎಂದು 2012ರಲ್ಲಿ ಡ್ರೆಂಕ್‌ಹಾನ್ ಮತ್ತು ಡ್ರೈಯರ್ ಗುಂಪು ತೋರಿಸಿತು. 2018ರಲ್ಲಿ ಹೋಫ್‌ಮೇಯರ್ ಮತ್ತು ಸಂಗಡಿಗರು ಅದು ಭ್ರಮೆಯೇ ಎಂದು ಕೇಳಿದರು. ಮೊದಲಿನವರಿಗೆ ಕಾರ್ಟೆಕ್ಸಿನ ಪಟ್ಟಿ ಎಲ್ಲಿ, ಯಾವಾಗ ನೋಡಬೇಕೆಂದು ಹೇಳಿಕೊಡುತ್ತಿತ್ತು ಎಂಬುದು ನಿಜ. ಆ ನೆರವಿಲ್ಲದೆ ಹುಡುಕುವುದು ಕಷ್ಟವೆಂಬುದೂ ನಿಜ. ಆದರೆ ನೆತ್ತಿಯ ಮೇಲೆ ಕಾಣಲಿಲ್ಲವೆಂಬುದನ್ನು ಒಳಗೆ ನಡೆಯಲಿಲ್ಲವೆಂದು ಓದುವವರು 1994ರ ಲೇಖನದ ಓದುಗರ ಸಾಲಿಗೇ ಸೇರುತ್ತಾರೆ.