ಶಾಲೆಯಿಂದ ವಿಶ್ವವಿದ್ಯಾಲಯಕ್ಕೆ: ನಮ್ಮ ಮಕ್ಕಳು ನಡೆದ ದಾರಿ

ಶತಮಾನೋತ್ಸವ ಸಮಿತಿಯವರು ಈ ಸ್ಮರಣ ಸಂಚಿಕೆಗಾಗಿ ನನ್ನಿಂದ ಅಪೇಕ್ಷಿಸಿದ್ದು ಒಂದು ಪಟ್ಟಿಯನ್ನು. ನಮ್ಮ ಶಾಲೆಯಲ್ಲಿ ಓದಿ ಪದವೀಧರರಾಗಿ ಹೆಸರು ಗಳಿಸಿದವರ ಪಟ್ಟಿ. ಅದಕ್ಕೆಂದು ಕಚೇರಿಯ ಕಪಾಟಿನಿಂದ ಹಳೆಯ ದಾಖಲಾತಿ ಪುಸ್ತಕಗಳನ್ನು ಇಳಿಸಿಕೊಂಡು ಕುಳಿತೆ. ಕೆಲವು ಹಾಳೆಗಳನ್ನು ಗೆದ್ದಲು ತಿಂದಿದೆ. ಮಿಕ್ಕವುಗಳ ಅಕ್ಷರ ಮಾತ್ರ ಇಂದಿಗೂ ದುಂಡಗೆ ಸ್ಪಷ್ಟವಾಗಿದೆ. ಪಟ್ಟಿ ಬೆಳೆಯುತ್ತ ಹೋದಂತೆ ನನ್ನ ಗಮನ ಹೆಸರುಗಳನ್ನು ಬಿಟ್ಟು ಬೇರೆ ಎರಡು ಕಲಮುಗಳ ಕಡೆಗೆ ಹರಿಯಿತು. ಒಂದು ‘ಪೋಷಕರ ಉದ್ಯೋಗ’, ಇನ್ನೊಂದು ‘ಶಾಲೆ ಬಿಟ್ಟ ಕಾರಣ’. ಮೊದಲನೆಯದರಲ್ಲಿ ವರ್ಗದಾರ, ಶ್ಯಾನುಭೋಗ, ಪಟೇಲ, ವ್ಯಾಪಾರ ಎಂದಿರುವಲ್ಲಿ ಎರಡನೆಯದರಲ್ಲಿ ಬಹುಮಟ್ಟಿಗೆ ‘ಮುಂದಿನ ವ್ಯಾಸಂಗ’ ಎಂದಿದೆ. ಗೇಣಿ ಒಕ್ಕಲು, ಕೂಲಿ ಎಂದಿರುವಲ್ಲಿ ‘ಮನೆಯ ತೊಂದರೆ’ ಅಥವಾ ‘ದೀರ್ಘ ಗೈರುಹಾಜರಿ’. ಈ ಎರಡು ಕಲಮುಗಳ ನಡುವೆ ನೂರು ವರ್ಷಗಳಲ್ಲಿ ಏನೇನು ನಡೆಯಿತೆಂಬುದನ್ನು ಬರೆಯುವುದೇ ಪಟ್ಟಿಗಿಂತ ಹೆಚ್ಚು ಉಪಯುಕ್ತವೆಂದು ನನಗೆ ತೋರಿತು. ಸಮಿತಿಯವರು ಕ್ಷಮಿಸಬೇಕು.

ಶಾಲೆ ಆರಂಭವಾದಾಗ ಕಾಸರಗೋಡು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ವಿಶ್ವವಿದ್ಯಾಲಯವೆಂದರೆ 1857ರಲ್ಲಿ ಸ್ಥಾಪನೆಯಾದ ಮದರಾಸು ವಿಶ್ವವಿದ್ಯಾಲಯ. ಕಾಲೇಜೆಂದರೆ ಮಂಗಳೂರು. ಅಲ್ಲಿ 1868ರಿಂದ ಸರಕಾರಿ ಕಾಲೇಜೂ 1880ರಿಂದ ಸೇಂಟ್ ಅಲೋಶಿಯಸ್ ಕಾಲೇಜೂ ಇದ್ದವು. 1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿದ ಮೇಲೆ ದಾರಿ ಸುಗಮವಾಯಿತೆಂದು ಹೇಳುವುದುಂಟು. ಆದರೆ ರೈಲು ಹೋಗುವುದು ಕಡಲ ಬದಿಯಲ್ಲಿ. ಒಳನಾಡಿನ ಗುಡ್ಡ ತೋಡುಗಳನ್ನು ದಾಟಿ ನಿಲ್ದಾಣಕ್ಕೆ ಬರುವುದೇ ಒಂದು ಪ್ರಯಾಣ. ದಿನವೂ ಹೋಗಿಬರುವ ಮಾತೇ ಇಲ್ಲ. ಮಂಗಳೂರಿನಲ್ಲಿ ಉಳಿಯಲು ನೆಂಟರ ಮನೆಯೋ ಸಮುದಾಯದ ವಿದ್ಯಾರ್ಥಿನಿಲಯವೋ ಬೇಕಿತ್ತು. ಪೇಟೆಯಲ್ಲಿ ನೆಂಟರಿರುವುದು ಯಾರಿಗೆ? ಊರಿನಲ್ಲಿ ಆಸ್ತಿ ಇದ್ದವರಿಗೇ. ಹೆಣ್ಣುಮಕ್ಕಳಿಗಾಗಿ 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜು ತೆರೆಯಿತಾದರೂ ನಮ್ಮ ಪುಸ್ತಕಗಳ ಮೊದಲ ದಶಕಗಳಲ್ಲಿ ‘ಮುಂದಿನ ವ್ಯಾಸಂಗ’ಕ್ಕೆಂದು ಶಾಲೆ ಬಿಟ್ಟ ಹುಡುಗಿ ಒಬ್ಬಳೂ ಸಿಗಲಿಲ್ಲ.

ಇಲ್ಲಿ ಮಂಜೇಶ್ವರದ ಗೋವಿಂದ ಪೈಗಳನ್ನು ನೆನೆಯದಿರಲಾಗದು. ಅನುಕೂಲಸ್ಥ ಮನೆತನದ ಅವರು ಬಿ.ಎ. ವ್ಯಾಸಂಗಕ್ಕಾಗಿ ಮದರಾಸಿಗೆ ಹೋದರು. ತಂದೆಯವರ ಕಾರಣದಿಂದ ನಡುವೆಯೇ ಊರಿಗೆ ಮರಳಬೇಕಾಗಿ ಬಂದು ಪದವಿ ಕೈಗೂಡಲಿಲ್ಲ. ಆದರೂ ಮನೆಯೇ ಅವರಿಗೆ ವಿದ್ಯಾಪೀಠವಾಯಿತು. ಗ್ರಂಥಗಳನ್ನು ತರಿಸಿಕೊಂಡು ಹಲವು ಭಾಷೆಗಳನ್ನು ಕಲಿತರು, ಸಂಶೋಧಕರಾದರು, 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿ ಎನಿಸಿಕೊಂಡರು. ಅವರ ಪ್ರತಿಭೆ, ಪರಿಶ್ರಮಗಳ ಬಗೆಗೆ ಎರಡು ಮಾತಿಲ್ಲ. ಆದರೂ ಅಧ್ಯಾಪಿಕೆಯಾಗಿ ನನಗೆ ಇನ್ನೊಂದು ಯೋಚನೆ ಬರುತ್ತದೆ. ಪದವಿ ತಪ್ಪಿದ ಮೇಲೂ ಓದುವ ಬದುಕನ್ನು ಉಳಿಸಿಕೊಡುವ ಮನೆ ಅವರಿಗಿತ್ತು. ಅದೇ ಕಾಲದಲ್ಲಿ ಐದನೆಯ ತರಗತಿಗೇ ಓದು ನಿಂತು ಗದ್ದೆಗಿಳಿದ ಎಷ್ಟು ಹುಡುಗರಿಗೆ ಅಂಥ ಮನೆಯಿತ್ತು? ಹಿನ್ನೆಲೆ ಎಂದು ನಾವು ಕರೆಯುವುದು ಹಣವನ್ನಷ್ಟೇ ಅಲ್ಲ. ಒಮ್ಮೆ ಸೋತರೆ ತಾಳಿಕೊಳ್ಳುವ ಶಕ್ತಿ ಮನೆಗೆ ಇದೆಯೇ ಇಲ್ಲವೇ ಎಂಬುದೂ ಹಿನ್ನೆಲೆಯೇ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಕಥೆಯನ್ನು ಈ ಸಂಚಿಕೆಯಲ್ಲಿ ಇತರರು ಬರೆದಿರುವುದರಿಂದ ನಾನು ವಿಸ್ತರಿಸುವುದಿಲ್ಲ. ಉನ್ನತ ಶಿಕ್ಷಣದ ಮಟ್ಟಿಗೆ ಅದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡಿತು. ಮರುವರ್ಷವೇ, 1957ರಲ್ಲಿ, ಕಾಸರಗೋಡಿನಲ್ಲಿ ಸರಕಾರಿ ಕಾಲೇಜು ಆರಂಭವಾಯಿತು. ಮಂಗಳೂರಿನಲ್ಲಿ ನೆಂಟರಿಲ್ಲದವನೂ ಬುತ್ತಿ ಕಟ್ಟಿಕೊಂಡು ಹೋಗಿ ಓದಬಹುದಾಯಿತು. ಆ ಕಾಲೇಜು 1968ರಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯಕ್ಕೂ 1996ರಲ್ಲಿ ಕಣ್ಣೂರು ವಿಶ್ವವಿದ್ಯಾಲಯಕ್ಕೂ ಸೇರಿತು. ನಮ್ಮ ಮಕ್ಕಳಿಗೆ ಅದು ಸದಾ ‘ಕಾಸರಗೋಡು ಕಾಲೇಜು’. ಆದರೆ ಪದವಿ ಪಡೆದು ಹೊರಬಂದವರ ಮುಂದೆ ಬೇರೆಯೇ ಗೋಡೆ ನಿಂತಿತ್ತು. ಕನ್ನಡ ಮಾತ್ರ ಬಲ್ಲವನಿಗೆ ರಾಜ್ಯದ ಕಚೇರಿಗಳು ದೂರವಾದವು; ‘ಕನ್ನಡ ಮತ್ತು ಮಲಯಾಳ ಬಲ್ಲ’ ಗುಮಾಸ್ತರ ಕೆಲವೇ ಹುದ್ದೆಗಳಿಗಾಗಿ ನೂರಾರು ಮಂದಿ ಕಾಯಬೇಕಾಯಿತು. ಮಂಗಳೂರಿಗೋ ಮೈಸೂರಿಗೋ ಹೋಗಿ ಪದವಿ ತಂದವರು ತತ್ಸಮಾನ ಪ್ರಮಾಣಪತ್ರಕ್ಕಾಗಿ ಅಲೆದಾಡಿದರು. ಮನೆಯಲ್ಲಿ ತೋಟವಿದ್ದವನಿಗೆ ಈ ಅಲೆದಾಟ ಬೇಸರದ ಸಂಗತಿ. ಇಲ್ಲದವನಿಗೆ ಅದು ಓದನ್ನೇ ವ್ಯರ್ಥಗೊಳಿಸಿದ ಸಂಗತಿ. ದಕ್ಷಿಣ ಕನ್ನಡದಲ್ಲಿ ಹುಟ್ಟಿ ಬೆಳೆದ ಬ್ಯಾಂಕುಗಳು ನಮ್ಮ ಅನೇಕರಿಗೆ ಅನ್ನ ನೀಡಿದವೆಂಬುದನ್ನು ಕೃತಜ್ಞತೆಯಿಂದ ಹೇಳಲೇಬೇಕು.

ದಾಖಲಾತಿ ಪುಸ್ತಕದಲ್ಲಿ ನಿಜವಾದ ಪಲ್ಲಟ ಕಾಣುವುದು ಎಪ್ಪತ್ತರ ದಶಕದಿಂದ. 1970ರ ಜನವರಿ 1ರಂದು ಕೇರಳದ ಭೂಸುಧಾರಣಾ ಶಾಸನ ಜಾರಿಗೆ ಬಂದು ಗೇಣಿ ಪದ್ಧತಿ ಕೊನೆಗೊಂಡಿತು. ‘ಗೇಣಿ’ ಎಂದು ಬರೆಯುತ್ತಿದ್ದ ಕಲಮಿನಲ್ಲಿ ‘ಕೃಷಿ’ ಎಂಬ ಪದ ಬಂದಿತು. ಶಬ್ದ ಚಿಕ್ಕದು, ಆದರೆ ಅದರ ಎದುರಿನ ಕಲಮನ್ನು ನೋಡಿ! ಹತ್ತು ಹದಿನೈದು ವರ್ಷಗಳೊಳಗೆ ಆ ಮನೆಗಳ ಮಕ್ಕಳು ‘ಮುಂದಿನ ವ್ಯಾಸಂಗ’ಕ್ಕೆ ಹೊರಟಿದ್ದಾರೆ. ಗದ್ದೆಯ ಬದಿಯಲ್ಲಿ ನೆಟ್ಟ ಅಡಿಕೆ ಫಲ ಕೊಟ್ಟಿತು. 1973ರಲ್ಲಿ ಕರ್ನಾಟಕ, ಕೇರಳಗಳ ಬೆಳೆಗಾರರು ಸೇರಿ ಕಟ್ಟಿದ ಕ್ಯಾಂಪ್ಕೋ ಬೆಲೆಗೆ ಒಂದಿಷ್ಟು ಆಧಾರ ಒದಗಿಸಿತು. ಅಡಿಕೆಯ ಧಾರಣೆಗೂ ಕಾಲೇಜಿನ ಶುಲ್ಕಕ್ಕೂ ಇರುವ ನಂಟನ್ನು ನಮ್ಮ ಊರಿನವರಿಗೆ ವಿವರಿಸಬೇಕಾಗಿಲ್ಲ. ಭೂಮಿ ಸಿಗದ ಕೂಲಿಯವರ ಮನೆಗಳಲ್ಲಿ ಆ ಕೆಲಸವನ್ನು ಮಾಡಿದ್ದು ಬೀಡಿ. ತಾಯಿ ರಾತ್ರಿ ಚಿಮಿಣಿ ದೀಪದ ಬುಡದಲ್ಲಿ ಸುತ್ತಿದ ಬೀಡಿಯಿಂದ ಮಗನ ಪರೀಕ್ಷಾ ಶುಲ್ಕ ಹುಟ್ಟುತ್ತಿತ್ತು. ಆದರೆ ನಮ್ಮ ಪುಸ್ತಕದಲ್ಲಿ ತಾಯಿಯ ಉದ್ಯೋಗಕ್ಕೆ ಕಲಮೇ ಇಲ್ಲದ್ದರಿಂದ ಆ ಬೀಡಿಗಳ ದಾಖಲೆ ಎಲ್ಲಿಯೂ ಉಳಿಯಲಿಲ್ಲ.

ಮೀಸಲಾತಿಯಿಂದ ಮೇಲೆ ಬಂದವರ ವಿಚಾರದಲ್ಲಿ ಒಂದು ಉದಾಹರಣೆ ಸಾಕು. ನಮ್ಮ ಭಾಗದ ಮರಾಟಿ ಸಮುದಾಯವನ್ನು 2003ರಲ್ಲಿ ಕೇರಳದ ಪರಿಶಿಷ್ಟ ಪಂಗಡಗಳ ಪಟ್ಟಿಯಿಂದ ತೆಗೆಯಲಾಯಿತು. ಮತ್ತೆ ಸೇರಿಸುವಾಗ ಸುಮಾರು ಒಂದು ದಶಕವೇ ಕಳೆದಿತ್ತು. ಆ ಅವಧಿಯಲ್ಲಿ ಹತ್ತನೆಯ ತರಗತಿ ಮುಗಿಸಿದ ಮಕ್ಕಳ ಅಣ್ಣಂದಿರಿಗೆ ವಿದ್ಯಾರ್ಥಿವೇತನವಿತ್ತು, ತಮ್ಮಂದಿರಿಗೆ ಮತ್ತೆ ದೊರೆಯಿತು. ನಡುವಿನವರ ಮನೆ, ತೋಟ, ತಂದೆಯ ಕೂಲಿ ಎಲ್ಲವೂ ಅದೇ ಆಗಿದ್ದವು. ಕೊರಗರ ಮಕ್ಕಳ ಮಾತಂತೂ ಇನ್ನೂ ಕಠಿಣ. ಪುಸ್ತಕದಲ್ಲಿ ಅವರ ಹೆಸರುಗಳು ತಡವಾಗಿ ಬಂದವು, ಬೇಗನೆ ನಿಂತವು. ಇದರಲ್ಲಿ ಶಾಲೆಯ ಪಾಲೂ ಇದೆ.

ಈಗ ನನ್ನ ಮಾತು. ನಾನು ಇದೇ ಶಾಲೆಯ ವಿದ್ಯಾರ್ಥಿನಿ. ನನ್ನ ಹೆಸರಿನ ಮುಂದೆ ‘ಅಧ್ಯಾಪಕರು’ ಎಂದಿದೆ. ನಮ್ಮ ತರಗತಿಯಲ್ಲಿ ಸದಾ ಮೊದಲಿಗಳಾಗಿದ್ದವಳು ನಾನಲ್ಲ. ನನ್ನ ಬೆಂಚಿನಲ್ಲೇ ಕುಳಿತಿರುತ್ತಿದ್ದ ಕೂಲಿಯವರ ಮಗಳೊಬ್ಬಳು. ಹತ್ತನೆಯ ತರಗತಿಯ ಗಣಿತದಲ್ಲಿ ನಾನು ಕಷ್ಟದಿಂದ ಪಾರಾದೆ, ಅವಳು ಸಲೀಸಾಗಿ. ನಾನು ಎಂ.ಎ., ಬಿ.ಎಡ್. ಮಾಡಿದೆ. ಅವಳ ಹೆಸರಿನ ಮುಂದೆ ‘ಮನೆಯ ತೊಂದರೆ’ ಎಂದಿದೆ.

ಇದನ್ನು ಕಂಡಿದ್ದ ನಾನೇ ಮುಂದೆ ಅಧ್ಯಾಪಿಕೆಯಾಗಿ ಅಂಥದೇ ಒಂದು ತಪ್ಪನ್ನು ಮಾಡಿದೆ. ಬೀಡಿ ಸುತ್ತುವ ತಾಯಿಯ ಮಗಳೊಬ್ಬಳು ಗಣಿತದಲ್ಲಿ ಅಸಾಧಾರಣಳಾಗಿದ್ದಳು. ಪ್ಲಸ್ ಟುವಿನಲ್ಲಿ ವಿಜ್ಞಾನ ತೆಗೆದುಕೊಳ್ಳಬೇಕೆಂಬುದು ಅವಳ ಆಸೆ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಟ್ಯೂಷನ್ನಿಗೆ ಹಣವಿಲ್ಲ, ಅನುತ್ತೀರ್ಣಳಾದರೆ ಮದುವೆ ಮಾಡಿಬಿಡುತ್ತಾರೆ ಎಂದೆಲ್ಲ ಯೋಚಿಸಿ, ಮಾನವಿಕ ವಿಷಯಗಳನ್ನು ಓದಿ ಮಾಯಿಪ್ಪಾಡಿಯಲ್ಲಿ ಶಿಕ್ಷಕ ತರಬೇತಿ ಪಡೆಯುವಂತೆ ನಾನೇ ಹೇಳಿದೆ. ಅವಳು ಒಪ್ಪಿದಳು. ಅದೇ ತರಗತಿಯಲ್ಲಿ ಅಡಿಕೆ ಬೆಳೆಗಾರರ ಮಗನೊಬ್ಬನಿದ್ದ, ಗಣಿತದಲ್ಲಿ ಅವಳಿಗಿಂತ ಬಹಳ ಹಿಂದೆ. ಅವನಿಗೆ ಯಾರೂ ಸಲಹೆ ಕೊಡಲಿಲ್ಲ, ಅಗತ್ಯವಿರಲಿಲ್ಲ. ವಿಜ್ಞಾನ ತೆಗೆದುಕೊಂಡ, ಒಂದು ವರ್ಷ ಸೋತ, ಮನೆಯವರು ಗದರಿಸಿ ಮತ್ತೆ ಓದಿಸಿದರು. ಈಗ ಬೆಂಗಳೂರಿನಲ್ಲಿ ಇಂಜಿನಿಯರ್. ನಾನು ಸಿದ್ಧಪಡಿಸಿದ ಪಟ್ಟಿಯಲ್ಲಿ ಅವನ ಹೆಸರಿದೆ. ಅವಳು ಪ್ರಾಥಮಿಕ ಶಾಲೆಯೊಂದರಲ್ಲಿ ಬಹಳ ಒಳ್ಳೆಯ ಅಧ್ಯಾಪಿಕೆಯಾಗಿದ್ದಾಳೆ. ನನ್ನ ಮೇಲೆ ಅವಳಿಗೆ ಬೇಸರವಿಲ್ಲ, ನನಗಿದೆ. ನಾನು ಅಳೆದದ್ದು ಅವಳ ಬುದ್ಧಿಯನ್ನಲ್ಲ, ಅವಳ ಮನೆಯನ್ನು.

ಇತ್ತೀಚೆಗೆ ಇನ್ನೊಂದು ಬದಲಾವಣೆಯಾಗಿದೆ. ಅನುಕೂಲವಿರುವ ಮನೆಗಳ ಮಕ್ಕಳು ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತಾರೆ. ಊರಿಗೆ ಬರುವ ಹಳದಿ ಬಸ್ಸುಗಳೇ ಸಾಕ್ಷಿ. ಕನ್ನಡ ಮಾಧ್ಯಮದಲ್ಲಿ ಉಳಿದವರು ಹೆಚ್ಚಾಗಿ ಕೂಲಿಯವರ ಮಕ್ಕಳು. ಆಮೇಲೆ ಎರಡೂ ಶಾಲೆಗಳಿಂದ ಎಷ್ಟು ಮಂದಿ ವೈದ್ಯರಾದರು, ಇಂಜಿನಿಯರರಾದರು ಎಂದು ಎಣಿಸಿ, ಕನ್ನಡದಲ್ಲಿ ಓದಿದರೆ ಮುಂದೆ ಬರಲಾಗದು ಎಂಬ ತೀರ್ಮಾನಕ್ಕೆ ಬರುತ್ತಾರೆ. ಇದು ಲೆಕ್ಕವೇ ಅಲ್ಲ. ಹಿಂದೆ ಇದೇ ಮಾಧ್ಯಮದಲ್ಲಿ ವರ್ಗದಾರರ ಮಕ್ಕಳು ಓದಿ ವಕೀಲರೂ ವೈದ್ಯರೂ ಆದಾಗ ಆ ಕೀರ್ತಿಯನ್ನು ಕನ್ನಡಕ್ಕೆ ಯಾರೂ ಕೊಟ್ಟಿರಲಿಲ್ಲ. ಹಾಗೆಂದು ಭಾಷೆಯಿಂದ ಅಡ್ಡಿಯೇ ಇಲ್ಲವೆಂದೂ ನಾನು ಹೇಳಲಾರೆ. ಹತ್ತನೆಯ ತರಗತಿಯವರೆಗೆ ‘ದ್ಯುತಿಸಂಶ್ಲೇಷಣೆ’ ಎಂದು ಕಲಿತ ಮಗು ಪ್ಲಸ್ ಒನ್ನಿನ ಮೊದಲ ದಿನ ಅದನ್ನೇ ಬೇರೆ ಹೆಸರಿನಲ್ಲಿ ಕೇಳಿ ಕಂಗಾಲಾಗುವುದನ್ನು ಕಂಡಿದ್ದೇನೆ. ಆರು ತಿಂಗಳ ಆಸರೆಯಿದ್ದರೆ ಅದು ನೀಗುವ ಕಷ್ಟ. ಕಳೆದ ಕೆಲವು ವರ್ಷಗಳಿಂದ ನಮ್ಮಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮೇಲೆ ಬೇಸಗೆಯಲ್ಲಿ ವಿಜ್ಞಾನ, ಗಣಿತಗಳ ಪದಗಳನ್ನು ಎರಡೂ ಭಾಷೆಗಳಲ್ಲಿ ಕಲಿಸುವ ತರಗತಿ ನಡೆಯುತ್ತಿದೆ. ಬರುವುದು ಹದಿನೈದಿಪ್ಪತ್ತು ಮಕ್ಕಳು.

ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೂ ಅವಕಾಶವಿದೆ. ಅದಕ್ಕಾಗಿ ಕನ್ನಡ ಭಾಷಾ ಪರೀಕ್ಷೆಯೊಂದನ್ನು ಬರೆಯಬೇಕು. ನಮ್ಮ ಮಕ್ಕಳಿಗೆ ಆ ಪರೀಕ್ಷೆ ನೀರು ಕುಡಿದಷ್ಟು ಸುಲಭ. ಆದರೆ ಅರ್ಜಿ, ಪ್ರಮಾಣಪತ್ರ, ಬೆಂಗಳೂರಿನ ಪ್ರಯಾಣ ಇವುಗಳ ಸುಳಿವು ಮೊದಲು ಸಿಗುವುದು ಅಲ್ಲಿ ಈಗಾಗಲೇ ಯಾರಾದರೂ ಇರುವ ಮನೆಗಳಿಗೆ. ಆದ್ದರಿಂದ ಆ ಸುತ್ತೋಲೆಯನ್ನು ಈಗ ನಾನು ಸೂಚನಾಫಲಕಕ್ಕೆ ಅಂಟಿಸಿ ಸುಮ್ಮನಾಗುವುದಿಲ್ಲ. ಮನೆಗಳಿಗೆ ಕೊಂಡೊಯ್ಯುತ್ತೇನೆ. ಕಳೆದ ವರ್ಷ ಹಾಗೆ ಹೋದ ಒಂದು ಮನೆಯಲ್ಲಿ, ಮೊಮ್ಮಗಳ ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ ಚೀಲದಿಂದ ಒಂದೊಂದಾಗಿ ತೆಗೆದು ನನ್ನ ಮುಂದಿಟ್ಟ ಅಜ್ಜಿ ಅಂದು ನನ್ನ ಬೆಂಚಿನಲ್ಲಿ ಕುಳಿತಿದ್ದವಳು. ಆ ಮೊಮ್ಮಗಳ ಅರ್ಜಿಯನ್ನು ನಾವಿಬ್ಬರೂ ಕೂಡಿಯೇ ತುಂಬಿದೆವು.