ಸೊಲ್ಲಾಪುರಕ್ಕೆ ಮಾಲು ತರಲು ಹೋಗುವವರು ಉಳಿಯುವುದು ಎಲ್ಲಿ?

ಚಾದರ, ಟವೆಲ್ ಖರೀದಿಗೆ ನೇರ ಸೊಲ್ಲಾಪುರಕ್ಕೇ ಹೋಗುವ ಸಣ್ಣ ವ್ಯಾಪಾರಿಗಳು ನಮ್ಮಲ್ಲಿ ಇದ್ದಾರೆ. ಮಧ್ಯವರ್ತಿಯ ಕಮಿಷನ್ ಉಳಿಯುತ್ತದೆ, ಸರಿ. ಆದರೆ ಹಾಗೆ ಉಳಿದ ದುಡ್ಡು ಲಾಡ್ಜಿಗೂ ಆಟೋಗೂ ಹೋದರೆ ಏನು ಲಾಭ? ಆದ್ದರಿಂದ ರೂಮು ಹಿಡಿಯುವ ಮೊದಲು ಕೆಲವು ವಿಷಯ ತಿಳಿದಿರಲಿ.

ಮೊದಲು ಕೆಲಸ ಎಲ್ಲಿ ನೋಡಿ

ಮಗ್ಗಗಳು ಹೆಚ್ಚಿರುವುದು ನಗರದ ಪೂರ್ವ ಭಾಗ ಮತ್ತು ಅಕ್ಕಲಕೋಟೆ ರಸ್ತೆಯ ಎಂಐಡಿಸಿಯಲ್ಲಿ. ಚಿಂಚೋಳಿ ಎಂಐಡಿಸಿ ಇರುವುದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ಪುಣೆ ಹೆದ್ದಾರಿಯಲ್ಲಿ ಮೋಹೋಳ ಕಡೆಗೆ. ಅಲ್ಲಿ ರಾಸಾಯನಿಕ, ಔಷಧ ಕಾರ್ಖಾನೆಗಳೂ ಉಂಟು. ನಿಮ್ಮ ಕೆಲಸ ಚಿಂಚೋಳಿಯಲ್ಲೇ ಇದ್ದರೆ ಮಾತ್ರ ಹೆದ್ದಾರಿ ಬದಿಯ ರೂಮು ನೋಡಿ. ಇಲ್ಲವಾದರೆ ಬಾಡಿಗೆಯಲ್ಲಿ 300 ರೂ. ಉಳಿಸಿ ಆಟೋಗೆ 500 ರೂ. ಕೊಟ್ಟ ಹಾಗಾಗುತ್ತದೆ. ಮೊಬೈಲಿನಲ್ಲಿ ಹುಡುಕುವಾಗ ಕಲಬುರಗಿ ಜಿಲ್ಲೆಯ ಚಿಂಚೋಳಿ ಬರಬಹುದು, ಅದು ಬೇರೆ ಊರು. ಬುಕ್ ಮಾಡುವ ಮೊದಲು ಜಿಲ್ಲೆ ನೋಡ್ಕೊಳ್ಳಿ.

ಹಳೆ ಪೇಟೆಯ ಲಾಡ್ಜು

ಉಳಿದವರಿಗೆ ರೈಲು ನಿಲ್ದಾಣ ಮತ್ತು ನವಿ ಪೇಟೆಯ ನಡುವಿನ ಹಳೆಯ ಲಾಡ್ಜುಗಳೇ ಒಳ್ಳೆಯದು. ಲಿಫ್ಟ್ ಇಲ್ಲದಿರಬಹುದು, ಗೋಡೆಯ ಬಣ್ಣ ಹಳೆಯದಿರಬಹುದು. ಆದರೆ ಊರಿನ ನಡುವೆಯೇ ಇರುತ್ತೀರಿ. ಭೂಯಿಕೋಟ್ ಕೋಟೆ, ಸಿದ್ಧೇಶ್ವರ ಕೆರೆ ಹತ್ತಿರವೇ. 1931ರ ಜನವರಿ 12ರಂದು ಬ್ರಿಟಿಷರು ಗಲ್ಲಿಗೇರಿಸಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ ಈ ಊರಿನವರು. ಮರಾಠಿ ಬಾರದಿದ್ದರೂ ತೊಂದರೆ ಇಲ್ಲ, ಕನ್ನಡ, ತೆಲುಗು, ದಖ್ಖನಿ ಉರ್ದು ಎಲ್ಲ ನಡೆಯುತ್ತದೆ. ಹಲಾಲ್ ಊಟಕ್ಕೆ ವಿಜಾಪುರ ವೇಸ್ ಕಡೆ ಹೋದರೆ ಆಯ್ತು. ಖಾರದ ಶೇಂಗಾ ಚಟ್ನಿ, ಕಡಕ್ ಭಕ್ರಿ ಮನೆಗೂ ತರಬಹುದು.

ಮುಂಗಡ ಕೊಡುವ ಮೊದಲು ಕೇಳಿ

* ಚೆಕ್‌ಔಟ್ 24 ಗಂಟೆಯದ್ದಾ, ಮಧ್ಯಾಹ್ನ 12ಕ್ಕಾ? ಬೆಳಗಿನ ಜಾವ ಇಳಿದವರಿಗೆ 12ರ ಲೆಕ್ಕವಾದರೆ ಒಂದು ರಾತ್ರಿ ಮಲಗಲು ಎರಡು ದಿನದ ಬಾಡಿಗೆ ಬೀಳಬಹುದು.
* ನೀರು ಹೇಗೆ? ನಗರದಲ್ಲಿ ನಲ್ಲಿ ನೀರು ದಿನವೂ ಬರುವುದಿಲ್ಲ. ಟ್ಯಾಂಕ್, ಬೋರ್‌ವೆಲ್ ಇದೆಯೇ ವಿಚಾರಿಸಿ.
* ರೂಮು ಯಾವ ಮಹಡಿ? ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತಾರಸಿಯ ಕೆಳಗಿನ ರೂಮು ರಾತ್ರಿಯೂ ಕಾಯುತ್ತಿರುತ್ತದೆ.
* ಮಾಲಿನ ಗಂಟು ಕೆಳಗೆ ಇಡಲು ಜಾಗ ಉಂಟಾ?

ಹೆಂಡತಿ ಮಕ್ಕಳು ಜೊತೆಗಿದ್ದರೆ ರೂಮು, ಬಾತ್‌ರೂಮು ಕಣ್ಣಾರೆ ನೋಡಿದ ಮೇಲೆಯೇ ಹಣ ಕೊಡಿ. ಎಲ್ಲರೂ ಗುರುತಿನ ಚೀಟಿ ಇಟ್ಟುಕೊಳ್ಳಿ.

ಯಾವ ದಿನ ಬೇಡ?

ಜನವರಿಯ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ. ಆಷಾಢ ಏಕಾದಶಿಗೆ ಪಂಢರಪುರದ, ನವರಾತ್ರಿಯಿಂದ ಹುಣ್ಣಿಮೆವರೆಗೆ ತುಳಜಾಪುರದ ಜನ ಇದೇ ದಾರಿಯಲ್ಲಿ ಬರುತ್ತಾರೆ. ಗುರುವಾರ ಅಕ್ಕಲಕೋಟೆಗೆ ಹೋಗುವವರು ಹೆಚ್ಚು. ಈ ದಿನಗಳಲ್ಲಿ ರೂಮು ಸಿಗುವುದು ಕಷ್ಟ, ಚೌಕಾಸಿಯೂ ನಡೆಯದು. ಬೇರೆ ದಿನಗಳಲ್ಲಿ ಆ್ಯಪ್‌ನಲ್ಲಿ ದರ ನೋಡಿ, ನಂತರ ಲಾಡ್ಜಿಗೇ ಫೋನ್ ಮಾಡಿ ಕೇಳಿ. ಎರಡು ರಾತ್ರಿ ಇರುತ್ತೇನೆ ಅಂದರೆ ಸ್ವಲ್ಪ ಇಳಿಸುವವರೂ ಇದ್ದಾರೆ.

ಬಿಲ್ಲಿನ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ರೂಮಿಗೆ ಜಿಎಸ್‌ಟಿ 5 ಶೇಕಡಾ. ಲಾಡ್ಜು ಮಹಾರಾಷ್ಟ್ರದಲ್ಲಿರುವ ಕಾರಣ ಅಲ್ಲಿ ಕಟ್ಟಿದ ತೆರಿಗೆಗೆ ಕರ್ನಾಟಕದ ನೋಂದಣಿಯಲ್ಲಿ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಮಾಲಿನ ಬಿಲ್ಲಿನ ಐಜಿಎಸ್‌ಟಿಗೆ ಸಿಗುತ್ತದೆ. ಹಾಗಾಗಿ ಬಾಡಿಗೆ, ಅದರ ತೆರಿಗೆ, ಆಟೋ, ಊಟ ಇಷ್ಟನ್ನೂ ಕೂಡಿಸಿ, ತಂದ ಚಾದರಗಳ ಸಂಖ್ಯೆಯಿಂದ ಭಾಗಿಸಿ. ಒಂದು ಚಾದರಕ್ಕೆ ಬಿದ್ದ ಖರ್ಚು ಊರಿನ ಹೋಲ್‌ಸೇಲ್ ದರದ ವ್ಯತ್ಯಾಸಕ್ಕಿಂತ ಕಡಿಮೆ ಇದ್ದರೆ ಮಾತ್ರ ಮುಂದಿನ ಸಲವೂ ಹೋಗಬಹುದು.